ಹದಿಮೂರರ ಕಂಠ, ಅರವತ್ತರ ಉಸಿರು

ಅಮೆರಿಕದ ಕಂಟ್ರಿ ಗಾಯಕಿ ಟಾನ್ಯಾ ಟಕರ್ ಅವರ ‘ಡೆಲ್ಟಾ ಡಾನ್’ ವಾದ್ಯಗಳ ಆಸರೆಯಿಲ್ಲದೆ, ಬರೀ ದನಿಗಳಲ್ಲಿ ಶುರುವಾಗುತ್ತದೆ. ಕೈಕೊಟ್ಟು ಹೋದ ಪ್ರೇಮಿ ಇಂದಲ್ಲ ನಾಳೆ ಬಂದಾನೆಂದು ಪೆಟ್ಟಿಗೆ ಹಿಡಿದು ಊರಲ್ಲಿ ಅಲೆಯುವ 41 ವರ್ಷದ ಹೆಂಗಸಿನ ಕಥೆ ಅದು. 1972ರಲ್ಲಿ ಅದನ್ನು ಹಾಡಿದವಳಿಗೆ ಬರೀ 13. ದನಿಯಲ್ಲಿ ಮಗುವಿನ ಗುರುತೇ ಇಲ್ಲ. ಮಂದ್ರದಲ್ಲಿ ಗೊಗ್ಗರು, ಮೇಲಕ್ಕೇರುವಾಗ ಸಣ್ಣ ಕಂಪನ.

ಟೆಕ್ಸಸ್‌ನ ಈ ಹುಡುಗಿಗೆ ನಿರ್ಮಾಪಕ ಬಿಲ್ಲಿ ಶೆರಿಲ್ ಮೊದಲು ಕೊಡಹೊರಟಿದ್ದು ಸುಖೀ ಗೃಹಿಣಿಯ ಲವಲವಿಕೆಯ ಹಾಡೊಂದನ್ನು. ಅವಳು ಒಪ್ಪಲಿಲ್ಲ. ಅದನ್ನು ಬರೆದಿದ್ದ ಡೋನಾ ಫಾರ್ಗೊ ತಾವೇ ಹಾಡಿ ಗೆದ್ದರು. ಆದರೂ ಟಕರ್ ಬೇಡವೆಂದದ್ದೇ ಸರಿ. ಆ ಶಾರೀರಕ್ಕೆ ನಗೆಯ ಹಾಡು ಒಗ್ಗುತ್ತಿರಲಿಲ್ಲ, ಅದು ಆ ವಯಸ್ಸಿಗೇ ಅವಳಿಗೆ ತಿಳಿದಿತ್ತು.

ಮುಂದಿನ ಆಯ್ಕೆಗಳ ಬಗ್ಗೆ ಮಾತ್ರ ನನಗೆ ಕಸಿವಿಸಿಯಿದೆ. 1974ರಲ್ಲಿ, ಡೇವಿಡ್ ಅಲನ್ ಕೋ ಬರೆದ ಒಂದು ಪ್ರಣಯಗೀತೆ ಅವಳ ದನಿಯಲ್ಲಿ ಕಂಟ್ರಿ ಪಟ್ಟಿಯ ತುದಿಗೇರಿತು. ಹಾಡಿನಲ್ಲಿ ದೋಷವಿಲ್ಲ, ಹಾಡಿಕೆಯಲ್ಲೂ ಇಲ್ಲ. ಆದರೆ 15 ವರ್ಷದ ಹುಡುಗಿಯ ಬಾಯಲ್ಲಿ ಅದನ್ನಿಟ್ಟು ಅದೇ ಸೋಜಿಗವನ್ನು ಮಾರಿಕೊಂಡವರು ದೊಡ್ಡವರು. ಟೀಕೆ ಮಾತ್ರ ಅವಳ ಪಾಲಿಗೆ ಬಂತು. ಅದೇ ವರ್ಷ ‘ರೋಲಿಂಗ್ ಸ್ಟೋನ್’ ಮುಖಪುಟಕ್ಕೂ ಬಂದಳು. ಆಮೇಲಿನ ರಾಕ್ ಪ್ರಯೋಗ, ಕುಡಿತ, 1986ರ ಮರುಪ್ರವೇಶ, ಚಿಕಿತ್ಸೆ ಇವೆಲ್ಲ ಸುದ್ದಿಪತ್ರಿಕೆಗಳಿಗೆ ಸಾಕಷ್ಟು ಸರಕಾದವು. 1991ರಲ್ಲಿ ಕಂಟ್ರಿ ಸಂಗೀತದ ಸಿಎಂಎ ಸಂಸ್ಥೆ ವರ್ಷದ ಗಾಯಕಿ ಎಂದು ಗೌರವಿಸಿತು.

ನಾನು ಮತ್ತೆ ಮತ್ತೆ ಕೇಳುವುದು 2019ರ ‘ವೈಲ್ ಐಯಾಮ್ ಲಿವಿನ್’ ಆಲ್ಬಮ್ಮನ್ನು. ಬ್ರ್ಯಾಂಡಿ ಕಾರ್ಲೈಲ್ ಮತ್ತು ಶೂಟರ್ ಜೆನಿಂಗ್ಸ್ ಅದರ ನಿರ್ಮಾಪಕರು. ಕಂಠ ಒರಟಾಗಿದೆ, ಉಸಿರು ಗಿಡ್ಡವಾಗಿದೆ. ಅದನ್ನು ಮುಚ್ಚಿಡಲು ಅವರು ಹೋಗಿಲ್ಲ, ವಾದ್ಯಗಳನ್ನೇ ಹಿಂದೆ ಸರಿಸಿದ್ದಾರೆ. ‘ದಿ ವೀಲ್ಸ್ ಆಫ್ ಲರೇಡೊ’ ಹಾಡಿನಲ್ಲಿ ಈ ನಿರ್ಧಾರ ಎಷ್ಟು ಚೆನ್ನಾಗಿ ಫಲಿಸಿದೆ! ಬಿರುಕುಬಿಟ್ಟ ದನಿಯೇ ಗಡಿನಾಡಿನ ಒಣನೆಲದಂತೆ ಕೇಳುತ್ತದೆ. ಕೊರತೆಯೂ ಉಂಟು. ಹೆಚ್ಚಿನ ಹಾಡುಗಳನ್ನು ಬರೆದವರು ಕಾರ್ಲೈಲ್ ಮತ್ತು ಅವರ ತಂಡದ ಹ್ಯಾನ್ಸರೊತ್ ಅವಳಿ ಸೋದರರು. ಅಕ್ಕರೆಯಿಂದಲೇ ಬರೆದಿದ್ದಾರೆ, ಆದರೂ ಅಲ್ಲಲ್ಲಿ ಅಭಿಮಾನಿ ಬಿಡಿಸಿದ ಚಿತ್ರಕ್ಕೆ ಟಕರ್ ಸುಮ್ಮನೆ ಕೂತುಕೊಟ್ಟಂತೆ ಅನ್ನಿಸುತ್ತದೆ. ಬಾಲ್ಯದಲ್ಲಿ ಆದಂತೆಯೇ, ಮಾತು ಇನ್ನೊಬ್ಬರದು.

ಕೊನೆಯ ಹಾಡು ‘ಬ್ರಿಂಗ್ ಮೈ ಫ್ಲವರ್ಸ್ ನೌ’ ಹಾಗಲ್ಲ. ಅದರ ಬೀಜ ದಶಕಗಳಿಂದ ಟಕರ್ ಅವರ ಮನಸ್ಸಿನಲ್ಲೇ ಇತ್ತು; ಕಾರ್ಲೈಲ್ ಒತ್ತಾಯಿಸಿ ಪೂರ್ತಿ ಮಾಡಿಸಿದರು, ಪಿಯಾನೊ ನುಡಿಸಿದರು. ಗೋರಿಗೆ ಹೂವು ತರಬೇಡಿ, ಬದುಕಿರುವಾಗಲೇ ಕೊಡಿ ಎನ್ನುವ ಬೇಡಿಕೆ ಅದು. 2020ರ ಜನವರಿಯಲ್ಲಿ ಹಾಡಿಗೂ ಆಲ್ಬಮ್ಮಿಗೂ ಗ್ರ್ಯಾಮಿ ಬಂತು, ಅವರ ಬದುಕಿನ ಮೊದಲ ಗ್ರ್ಯಾಮಿಗಳು. ಆ ಹಾಡನ್ನು ಕೇಳಿ ನಾನು ‘ಡೆಲ್ಟಾ ಡಾನ್’ಗೆ ಮರಳಿದೆ. ಹುಡುಗಿ ಆ ಹೆಂಗಸಿನ ದುಃಖವನ್ನು ಒಂದು ಸ್ವರವೂ ತಪ್ಪದೆ ಹಾಡುತ್ತಾಳೆ. ಅರವತ್ತರ ಟಕರ್ ಸಾಲಿನ ನಡುವೆ ಉಸಿರಿಗೆ ನಿಲ್ಲುತ್ತಾರೆ, ಪಿಯಾನೊ ಅವರಿಗಾಗಿ ಕಾಯುತ್ತದೆ.