ಎಣಿಕೆಗೆ ಸಿಗದ ಮಕ್ಕಳು

ಆರ್.ಡಿ. ಉಪಾಧ್ಯಾಯ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2006ರ ಏಪ್ರಿಲ್ 13ರಂದು ಕೊಟ್ಟ ತೀರ್ಪಿಗೆ ದೊಡ್ಡ ಹೆಸರಿದೆ. ಕೈದಿಗಳ ಮಕ್ಕಳ ಮಾತು ಬಂದಾಗಲೆಲ್ಲ ನಮ್ಮ ಕಾನೂನು ಪಂಡಿತರು ಅದನ್ನೇ ಮುಂದಿಡುತ್ತಾರೆ. ಆ ತೀರ್ಪಿಗೆ ಸಲ್ಲಬೇಕಾದ್ದಕ್ಕಿಂತ ಹೆಚ್ಚು ಹೊಗಳಿಕೆ ಸಂದಿದೆ.

ಅದರ ಒಳ್ಳೆಯತನ ಗೊತ್ತಿರುವಂಥದ್ದೇ: ತಾಯಿಯೊಡನೆ ಜೈಲಿನಲ್ಲಿರುವ ಮಗು ಕೈದಿಯಲ್ಲ, ಊಟ, ಬಟ್ಟೆ, ಔಷಧ, ಪಾಠ, ಆಟ ಅದರ ಹಕ್ಕು, ಜನನ ಪ್ರಮಾಣಪತ್ರದಲ್ಲಿ ಜೈಲಿನ ಹೆಸರು ಬರಕೂಡದು. ನನ್ನನ್ನು ಕಾಡುವುದು ಆರು ವರ್ಷದ ಕಲಮು. ಆರು ತುಂಬಿದ ಮಗುವನ್ನು ತಾಯಿ ಸೂಚಿಸಿದವರಿಗೆ ಒಪ್ಪಿಸಬೇಕು, ಇಲ್ಲವೇ ಸಮಾಜ ಕಲ್ಯಾಣ ಇಲಾಖೆಯ ಸಂಸ್ಥೆಗೆ ಕಳಿಸಬೇಕು. ಸಂಸ್ಥೆಯಲ್ಲಿರುವ ಮಗುವಿಗೆ ವಾರಕ್ಕೊಮ್ಮೆಯಾದರೂ ತಾಯಿಯ ಭೇಟಿಯುಂಟು. ಕರೆತರುವ ಹೊಣೆ ಇಲಾಖೆಯದು. ಅಜ್ಜಿಯ ಮನೆ ಸೇರಿದ ಮಗುವಿಗೆ? ಅದರ ಬಸ್ ಛಾರ್ಜು, ಕರೆತರಲು ಅಜ್ಜಿ ಬಿಡಬೇಕಾದ ಒಂದು ದಿನದ ಕೂಲಿ, ತಪ್ಪುವ ಶಾಲೆ ಯಾರ ಹೊಣೆ? ಸರ್ಕಾರದ ಕೈಯಲ್ಲಿರುವ ಮಗುವಿಗೆ ತಾಯಿಯನ್ನು ಕಾಣುವ ಏರ್ಪಾಡು, ಬಡ ಬಂಧುಗಳ ಮನೆಯ ಮಗುವಿಗೆ ಅವರ ಕೈಲಾದಷ್ಟು. ಇದು ಸಣ್ಣ ಕೊರತೆಯಲ್ಲ. ಜೈಲಿನ ಗೇಟು ದಾಟಿದೊಡನೆ ತೀರ್ಪಿನ ಕಣ್ಣಿಗೆ ಮಗು ಮಸುಕಾಗುತ್ತದೆ.

ತಂದೆ ಜೈಲಿಗೆ ಹೋದ ಮಗುವಂತೂ ಕಾಣುವುದೇ ಇಲ್ಲ. 2022ರ ಕೊನೆಗೆ ದೇಶದ ಜೈಲುಗಳಲ್ಲಿದ್ದ 5,73,220 ಜನರಲ್ಲಿ ಹೆಂಗಸರು 23,772. ತಾಯಂದಿರ ಜೊತೆ ಒಳಗಿದ್ದ ಮಕ್ಕಳು 1,764 ಎಂದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಲೆಕ್ಕ ಕೊಡುತ್ತದೆ. ಉಳಿದ ಐದೂವರೆ ಲಕ್ಷ ಗಂಡಸರ ಮಕ್ಕಳೆಷ್ಟು? ಅದಕ್ಕೆ ಕೋಷ್ಟಕವೇ ಇಲ್ಲ.

ಕೋರ್ಟಿನ ಮುಂದಿದ್ದ ಪ್ರಶ್ನೆಯೇ ಜೈಲಿನೊಳಗಿನ ಮಕ್ಕಳದು, ಆಚೆಗೆ ಹೋಗುವುದು ಹೇಗೆ ಎಂದು ತೀರ್ಪಿನ ಅಭಿಮಾನಿಗಳು ಕೇಳುತ್ತಾರೆ. ಈ ಸಮರ್ಥನೆ ನಿಲ್ಲುವುದಿಲ್ಲ. 1994ರ ಆ ಅರ್ಜಿ ಶುರುವಾದದ್ದೇ ವಿಚಾರಣಾಧೀನ ಕೈದಿಗಳ ಬವಣೆಯಿಂದ. ಅಲ್ಲಿಂದ ಮಕ್ಕಳತ್ತ ಹೊರಳಿದ್ದು ನ್ಯಾಯಾಲಯವೇ. ಅಷ್ಟು ಹೊರಳಿದ್ದಕ್ಕೆ ಇನ್ನೊಂದು ಹೆಜ್ಜೆ ಕಷ್ಟವಿರಲಿಲ್ಲ. ಭಾರತ 1992ರಲ್ಲಿ ಒಪ್ಪಿದ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 9ನೇ ವಿಧಿ ತಾಯಿ-ತಂದೆ ಎಂಬ ಭೇದ ಮಾಡುವುದಿಲ್ಲ. ಸರ್ಕಾರ ಹೆತ್ತವರನ್ನು ಬಂಧಿಸಿದರೆ, ಮಗುವಿಗೆ ಕೇಡಾಗದಿರುವಾಗ, ಅವರು ಎಲ್ಲಿದ್ದಾರೆಂದು ಕೇಳಿದರೆ ತಿಳಿಸಲೇಬೇಕು ಎನ್ನುತ್ತದೆ. ನಮ್ಮಲ್ಲಿ ಮನೆಯವರು ‘ಅಪ್ಪ ದುಬೈಗೆ ಹೋಗಿದ್ದಾನೆ’ ಎನ್ನುತ್ತಾರೆ. ನಿಜ ಗೊತ್ತಾಗುವುದು ಶಾಲೆಯಲ್ಲಿ, ಇನ್ನೊಬ್ಬ ಹುಡುಗನ ಬಾಯಿಂದ. ಮಕ್ಕಳು ಜೈಲಿನಲ್ಲಿ ಇರಲೇಬಾರದು ಎಂದು ಗುಡುಗುವ ಇನ್ನೊಂದು ಬಣವೂ ಇದಕ್ಕೆ ಉತ್ತರಿಸುವುದಿಲ್ಲ. ಅವರ ಜಗಳವೂ ಗೋಡೆಯೊಳಗಿನದೇ.

ಬಂಧನದ ವಿಧಿವಿಧಾನಕ್ಕಾಗಿ 1996ರ ಡಿ.ಕೆ. ಬಸು ತೀರ್ಪು ಹನ್ನೊಂದು ನಿಯಮ ಹಾಕಿತು. ಬಂಧುವಿಗೋ ಗೆಳೆಯನಿಗೋ ಸುದ್ದಿ ಮುಟ್ಟಿಸಬೇಕೆಂದಿತು. ಮನೆಯಲ್ಲಿ ಮಕ್ಕಳಿದ್ದಾರೆಯೇ ಎಂದು ಕೇಳುವ ನಿಯಮ ಅದರಲ್ಲೂ ಇಲ್ಲ. ಬಂಧನದ ಮೆಮೊದಲ್ಲಿ ಆ ಒಂದು ಸಾಲು ಸೇರಲಿ, ಉತ್ತರ ಅಂದೇ ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಗೆ ಮುಟ್ಟಲಿ.