ಶಾರ್ಕಿನ ಬಾಯಿಗೆ ಕೈ ಹಾಕುವವರು

ಇಟಲಿ ಮೂಲದ ಕ್ರಿಸ್ಟಿನಾ ಜೆನಾಟೊ ಬಹಾಮಾಸ್‌ನ ಗ್ರ್ಯಾಂಡ್ ಬಹಾಮಾ ದ್ವೀಪಕ್ಕೆ ಬಂದದ್ದು 1994ರಲ್ಲಿ. ಅಂದಿನಿಂದ ಅಲ್ಲಿಯೇ ನೆಲೆಸಿ, ಕೆರಿಬಿಯನ್ ರೀಫ್ ಶಾರ್ಕುಗಳ ನಡುವೆ ಸ್ಕೂಬಾ ಡೈವಿಂಗ್ ಮಾಡುತ್ತಾ ಬಂದಿದ್ದಾರೆ. ಮೀನುಗಾರರ ಗಾಳ ಚುಚ್ಚಿಕೊಂಡು ನರಳುವ ಶಾರ್ಕುಗಳ ಬಾಯಿಂದ ಅವರು ಬಿಡಿಸಿದ ಗಾಳಗಳೇ 300ಕ್ಕೂ ಹೆಚ್ಚು. ಆ ಕೆಲಸದ ಬಗ್ಗೆ ನನಗೆ ಅಪಾರ ಗೌರವವಿದೆ. ನನ್ನ ತಕರಾರು ಇರುವುದು ಅದು ನಮ್ಮ ಮೊಬೈಲುಗಳಿಗೆ ತಲುಪುವ ಬಗೆಯ ಮೇಲೆ.

ಆ ವಿಡಿಯೊಗಳನ್ನು ನಿಧಾನವಾಗಿ ನೋಡಬೇಕು. ಜೆನಾಟೊ ಮರಳಿನ ಮೇಲೆ ಮಂಡಿಯೂರಿದ್ದಾರೆ. ಆಳೆತ್ತರದ ಶಾರ್ಕೊಂದು ಅವರ ತೊಡೆಯ ಮೇಲೆ ತಲೆಯಿಟ್ಟಿದೆ. ಮೂತಿಯ ಮೇಲೆ ಅಂಗೈ ಮೆಲ್ಲನೆ ಆಡುತ್ತಿದ್ದಂತೆ ಅದರ ಮೈ ಸಡಿಲಾಗುತ್ತದೆ, ಬಾಲ ನಿಲ್ಲುತ್ತದೆ. ಇನ್ನೊಂದು ಕೈ ದವಡೆಯ ಮೂಲೆಗೆ ಹೋಗಿ ತುಕ್ಕು ಹಿಡಿದ ಗಾಳವನ್ನು ಹಿಡಿಯುತ್ತದೆ. ಇಷ್ಟಕ್ಕೆ ಯಾರೋ ಮೃದುವಾದ ಸಂಗೀತ ಸೇರಿಸುತ್ತಾರೆ. ಶಾರ್ಕ್ ತಾನಾಗಿಯೇ ಸಹಾಯ ಕೇಳಿಕೊಂಡು ಬಂತು, ಅಪ್ಪಿಕೊಂಡು ಕೃತಜ್ಞತೆ ಹೇಳಿತು ಎಂದು ಬರೆದು ಹಂಚುತ್ತಾರೆ.

ಈ ಕಥೆಯಲ್ಲಿ ಮರೆಯಾಗುವುದು ತುಂಬ ಇದೆ. ಶಾರ್ಕುಗಳು ಹತ್ತಿರ ಬರುವುದು ಕೊಳವೆಯಲ್ಲಿ ಒಯ್ದ ಮೀನಿಗಾಗಿ. ಮೂತಿಯಲ್ಲಿ ವಿದ್ಯುತ್ ಸಂಕೇತಗಳನ್ನು ಗ್ರಹಿಸುವ ಸೂಕ್ಷ್ಮ ರಂಧ್ರಗಳಿವೆ. ಅಲ್ಲಿ ಸವರಿದಾಗ ಕೆಲವು ಶಾರ್ಕುಗಳು ಸ್ವಲ್ಪ ಹೊತ್ತು ಮಂಪರು ಕವಿದಂತೆ ನಿಶ್ಚಲವಾಗುತ್ತವೆ. ಅದನ್ನು ಪ್ರೀತಿ ಎಂದು ಓದಲು ಆಧಾರವಿಲ್ಲ. ಜೆನಾಟೊ ಉಕ್ಕಿನ ಸಣ್ಣ ಉಂಗುರಗಳನ್ನು ಹೆಣೆದ ಕವಚ ತೊಟ್ಟಿರುತ್ತಾರೆ. ಅದು ಹಲ್ಲಿನ ಮೊನೆಯನ್ನು ತಡೆದೀತೇ ಹೊರತು ದವಡೆಯ ಒತ್ತಡವನ್ನಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಅಲ್ಲಿಗೆ ಬರುವ ಶಾರ್ಕುಗಳನ್ನು ಅವರು ಒಂದೊಂದಾಗಿ ಗುರುತಿಸಬಲ್ಲರು. ವಿಡಿಯೊ ನೋಡಿ ತಾನೂ ಹಾಗೆ ಮಾಡಹೊರಡುವ, ರಜೆಗೆಂದು ಬಂದ ಡೈವರ್‌ಗೆ ಈ ಪರಿಚಯ ಎಲ್ಲಿಂದ ಬರಬೇಕು?

ಪರಿಚಯವೂ ಕೈಕೊಡುವುದುಂಟು. ಶಾರ್ಕುಗಳ ವರ್ತನೆಯನ್ನೇ ಅಧ್ಯಯನ ಮಾಡಿದ್ದ ಎರಿಕ್ ರಿಟ್ಟರ್, ಮನುಷ್ಯ ಶಾಂತವಾಗಿದ್ದರೆ ಶಾರ್ಕ್ ಕಚ್ಚದೆಂದು ನಂಬಿದ್ದರು. 2002ರಲ್ಲಿ ಅದೇ ಬಹಾಮಾಸ್‌ನಲ್ಲಿ ಟಿವಿ ಚಿತ್ರೀಕರಣಕ್ಕೆ ನೀರಿನಲ್ಲಿ ನಿಂತಿದ್ದಾಗ ಬುಲ್ ಶಾರ್ಕೊಂದು ಅವರ ಮೀನಖಂಡವನ್ನೇ ಕಿತ್ತುಕೊಂಡಿತು. ಬದುಕುಳಿದದ್ದೇ ಹೆಚ್ಚು.

ಅಪಾಯ ಶಾರ್ಕಿಗೂ ಇದೆ. ಗಾಳದ ತುದಿಯಲ್ಲಿ ಹಿಮ್ಮುಖವಾದ ಮುಳ್ಳಿರುತ್ತದೆ. ಒಳಹೊಕ್ಕ ದಾರಿಯಲ್ಲೇ ಜಗ್ಗಿದರೆ ಮಾಂಸ ಸೀಳುತ್ತದೆ. ಗಂಟಲಲ್ಲಿ ಸಿಕ್ಕ ಗಾಳವನ್ನು ಅರೆಬರೆ ತಿಳಿದವನು ಎಳೆದರೆ, ಇದ್ದ ಗಾಯಕ್ಕಿಂತ ದೊಡ್ಡ ಗಾಯವಾಗುತ್ತದೆ. ಮೀನು ಕೊಟ್ಟು ಕರೆಯುವ ಅಭ್ಯಾಸವೇ ಪ್ರಶ್ನಾರ್ಹವೆಂದು ಫ್ಲೋರಿಡಾ ತನ್ನ ಕರಾವಳಿ ನೀರಿನಲ್ಲಿ ಡೈವರ್‌ಗಳು ಶಾರ್ಕಿಗೆ ಆಹಾರ ಕೊಡುವುದನ್ನು 2001ರಲ್ಲೇ ನಿಷೇಧಿಸಿತು. ಬಹಾಮಾಸ್ ಅದಕ್ಕೆ ಅವಕಾಶ ಕೊಟ್ಟಿದೆ. ಜೀವಂತ ಶಾರ್ಕನ್ನು ನೋಡಲು ಬರುವ ಪ್ರವಾಸಿಗರಿಂದ ಆ ದೇಶಕ್ಕೆ ಆದಾಯವಿದೆ, ಆ ಆದಾಯ ಶಾರ್ಕಿನ ರಕ್ಷಣೆಗೂ ಬಲ ಕೊಟ್ಟಿದೆ ಎಂಬುದನ್ನು ಅಲ್ಲಗಳೆಯಲಾಗದು.

ಆದರೂ ಒಂದೊಂದಾಗಿ ಗಾಳ ಬಿಡಿಸುವುದರಿಂದ ಎಷ್ಟು ಶಾರ್ಕುಗಳು ಉಳಿದಾವು ಎಂಬ ಲೆಕ್ಕ ನೋಡಿ. ಜಗತ್ತಿನಲ್ಲಿ ಮೀನುಗಾರಿಕೆಯಿಂದ ವರ್ಷಕ್ಕೆ ಸುಮಾರು 10 ಕೋಟಿ ಶಾರ್ಕುಗಳು ಸಾಯುತ್ತಿವೆಯೆಂದು 2013ರಲ್ಲಿ ವಿಜ್ಞಾನಿಗಳು ಅಂದಾಜಿಸಿದರು. ಇಲ್ಲಿ ನೆರವಾಗುವುದು ದಡದಲ್ಲಿ ಆಗುವ ತೀರ್ಮಾನಗಳು. ಬಹಾಮಾಸ್ ಉದ್ದ ಹಗ್ಗಕ್ಕೆ ಸಾಲು ಗಾಳ ಕಟ್ಟಿ ಬಿಡುವ ಲಾಂಗ್‌ಲೈನ್ ಮೀನುಗಾರಿಕೆಯನ್ನು 1990ರ ದಶಕದಲ್ಲೇ ನಿಲ್ಲಿಸಿತು, 2011ರಲ್ಲಿ ತನ್ನ ಇಡೀ ಸಾಗರವಲಯವನ್ನು ಶಾರ್ಕುಗಳ ಆಶ್ರಯತಾಣ ಮಾಡಿತು. ಸ್ಟೇನ್‌ಲೆಸ್ ಸ್ಟೀಲ್ ಗಾಳ ವರ್ಷಗಟ್ಟಲೆ ಬಾಯಲ್ಲೇ ಉಳಿಯುತ್ತದೆ, ಮಾಮೂಲಿ ಉಕ್ಕಿನದು ತುಕ್ಕು ಹಿಡಿದು ಅದಕ್ಕಿಂತ ಬೇಗ ಉದುರುತ್ತದೆ. ಹಾಗಾಗಿ ಶಾರ್ಕ್ ಹಿಡಿಯುವವರು ಸ್ಟೇನ್‌ಲೆಸ್ ಅಲ್ಲದ ಗಾಳವನ್ನೇ ಬಳಸಬೇಕೆಂದು ಫ್ಲೋರಿಡಾ 2019ರಲ್ಲಿ ನಿಯಮ ತಂದಿತು. ನಮ್ಮ ಗುಜರಾತಿನ ವೆರಾವಲ್ ಕರಾವಳಿಯಲ್ಲಂತೂ ಒಂದು ಕಾಲಕ್ಕೆ ವೇಲ್ ಶಾರ್ಕುಗಳನ್ನು ಬೇಟೆಯಾಡುತ್ತಿದ್ದ ಬೆಸ್ತರೇ ಇಂದು ಬಲೆ ಕತ್ತರಿಸಿ ಅವನ್ನು ಬಿಡುತ್ತಿದ್ದಾರೆ. ಹಾಳಾದ ಬಲೆಗೆ ಅರಣ್ಯ ಇಲಾಖೆ ಪರಿಹಾರ ಕೊಡುತ್ತದೆ. ಆ ಬೆಸ್ತರ ವಿಡಿಯೊಗಳೂ ಅಷ್ಟೇ ಜನರನ್ನು ತಲುಪಬೇಕಿತ್ತು.

ಶಾರ್ಕಿನ ಬಾಯಿಗೆ ಕೈ ಹಾಕುವ ಅಧಿಕಾರವನ್ನು ಜೆನಾಟೊ ಅವರಿಗೆ ಕೊಟ್ಟದ್ದು ಅವರ ಮೂವತ್ತು ವರ್ಷದ ಅನುಭವ; ಅನುಕರಿಸುವವರಿಗೆ ಅದಿಲ್ಲ. ನೇತ್ರಾಣಿಯಲ್ಲೋ ಅಂಡಮಾನಿನಲ್ಲೋ ಡೈವ್ ಮಾಡುವಾಗ ಗಾಯಗೊಂಡ ಶಾರ್ಕ್ ಕಂಡರೆ ದಯವಿಟ್ಟು ಮುಟ್ಟಬೇಡಿ. ದೂರದಿಂದ ಚಿತ್ರ ತೆಗೆದು, ಮೇಲೆ ಬಂದು ನಿಮ್ಮ ಡೈವ್ ಮಾಸ್ಟರ್‌ಗೆ ಮತ್ತು ಅರಣ್ಯ ಇಲಾಖೆಗೆ ತಿಳಿಸಿ.