ದಾನದ ಫಲವನ್ನು ಪರೀಕ್ಷಿಸುವವರು ಯಾರು?

2009ರ ಮಲಪ್ರಭೆಯ ಪ್ರವಾಹದ ತರುವಾಯ ರೋಣ, ನರಗುಂದ ತಾಲೂಕುಗಳ ನದೀತೀರದ ಗ್ರಾಮಗಳಿಗಾಗಿ ‘ಆಸರೆ’ ಯೋಜನೆಯಡಿ ದಾನಿಗಳ ನೆರವಿನಿಂದ ಮನೆಗಳು ಎದ್ದವು. ಎಷ್ಟೋ ಮನೆಗಳಲ್ಲಿ ಜನರು ನೆಲೆಸಲಿಲ್ಲ. 2019ರ ಆಗಸ್ಟಿನಲ್ಲಿ ನೀರು ಮತ್ತೆ ಹಳೆಯ ಊರುಗಳಿಗೇ ನುಗ್ಗಿತು. ಕಟ್ಟಿದ ಮನೆಗಳನ್ನು ಎಣಿಸಿದರೆ ಸಾಲದು, ವಾಸಿಸುವವರನ್ನೂ ಎಣಿಸಬೇಕಿತ್ತು.

ಯುದ್ಧಪೀಡಿತ ನಾಡುಗಳಲ್ಲಿ ಈ ಉಪೇಕ್ಷೆ ಇನ್ನೂ ಘೋರ. ಇಥಿಯೋಪಿಯದ ಟಿಗ್ರೆಯಲ್ಲಿ ನೆರವಿನ ಧಾನ್ಯ ಮಾರುಕಟ್ಟೆಗೆ ಹರಿದುದು ಬಯಲಾದಾಗ, 2023ರಲ್ಲಿ ಅಮೆರಿಕವೂ ವಿಶ್ವ ಆಹಾರ ಕಾರ್ಯಕ್ರಮವೂ ವಿತರಣೆಯನ್ನೇ ನಿಲ್ಲಿಸಿದವು. ಕದ್ದವರ ಪಾಪಕ್ಕೆ ಹಸಿದವರು ದಂಡ ತೆತ್ತರು.

ವಿಧಿ, ದ್ರವ್ಯ, ದಾತೃ, ಪಾತ್ರ ಎಂಬ ನಾಲ್ಕರಿಂದ ದಾನದ ವಿಶೇಷವೆಂದು ತತ್ತ್ವಾರ್ಥಸೂತ್ರದ ಮತ. ಶಿಲಾಫಲಕದಲ್ಲಿ ಉಳಿಯುವುದು ದಾತೃವಿನ ಹೆಸರೊಂದೇ. ಕೊಟ್ಟವನೂ ಹಂಚಿದವನೂ ಅಲ್ಲದ ಮೂರನೆಯವನೊಬ್ಬನು ಪಡೆದವನ ಬಾಗಿಲಿಗೆ ಹೋಗಿ ವಿಚಾರಿಸಬೇಕು. ರೋಣ, ನರಗುಂದ, ಗಜೇಂದ್ರಗಡಗಳ ದಾನಿಗಳು ಆ ವೆಚ್ಚವನ್ನೂ ದಾನದ ಭಾಗವೆಂದೇ ಬಗೆಯುವುದು ಯುಕ್ತ.